ಗಾಳಿಗೆ ಹದ ತಂದ ವಿಲಿಸ್ ಕ್ಯಾರಿಯರ್

ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿಬರುವ ನಮ್ಮ ಶಾಲೆಯ ವಿದ್ಯಾರ್ಥಿಗಳಲ್ಲಿ ಹಲವರು ಒಂದು ಸಂಗತಿಯನ್ನು ಗಮನಿಸಿರಬಹುದು. ಮೇ ತಿಂಗಳಲ್ಲಿ ವಿಜಯಪುರದಲ್ಲಾಗಲಿ ಕಲಬುರಗಿಯಲ್ಲಾಗಲಿ ಉಷ್ಣಮಾನವು ೪೦ ಡಿಗ್ರಿಯನ್ನು ಮುಟ್ಟುತ್ತದೆ. ಬಿಸಿಲು ಸುಡುತ್ತದೆ, ನಿಜ. ಆದರೆ ಬೇವಿನ ಮರದ ನೆರಳಿಗೆ ಬಂದು ಕುಳಿತೊಡನೆ ಮೈಯ ಬೆವರು ಆರಿ ಜೀವಕ್ಕೆ ಹಾಯೆನಿಸುತ್ತದೆ. ಅದೇ ತಿಂಗಳಲ್ಲಿ ಮುಂಬಯಿಯ ಉಷ್ಣಮಾನವು ಸಾಮಾನ್ಯವಾಗಿ ೩೩–೩೪ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದರೂ ಇಲ್ಲಿ ನೆರಳಿನಲ್ಲಿ ಕುಳಿತವನ ಅಂಗಿಯು ಬೆನ್ನಿಗೆ ಅಂಟಿಕೊಂಡೇ ಇರುತ್ತದೆ; ಲೋಕಲ್ ಗಾಡಿಯಿಂದ ಇಳಿದವನು ಮಳೆಯಲ್ಲಿ ನೆನೆದವನಂತೆ ಕಾಣುತ್ತಾನೆ. ಉಷ್ಣಮಾಪಕವು ಹೇಳುವುದಕ್ಕೂ ಮೈಗೆ ತಿಳಿಯುವುದಕ್ಕೂ ನಡುವೆ ಇರುವ ಈ ಅಂತರಕ್ಕೆ ಗಾಳಿಯಲ್ಲಿ ಅಡಗಿರುವ ತೇವವೇ ಕಾರಣ. ಗಾಳಿಯು ಒಣಗಿದ್ದರೆ ಬೆವರು ಆವಿಯಾಗಿ ಹೋಗುವಾಗ ಮೈಯ ಕಾವನ್ನೂ ತನ್ನೊಡನೆ ಒಯ್ಯುತ್ತದೆ. ಗಾಳಿಯೇ ಒದ್ದೆಯಾಗಿದ್ದರೆ ಬೆವರಿಗೆ ಹೋಗಲು ಎಡೆಯೆಲ್ಲಿ?

ಇದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ವಿಷಯ. ಆದರೆ ಗೊತ್ತಿದ್ದುದನ್ನು ಲೆಕ್ಕಕ್ಕೆ ಇಳಿಸಿ, ಲೆಕ್ಕವನ್ನು ಯಂತ್ರಕ್ಕೆ ಇಳಿಸಿ, ಗಾಳಿಯ ಕಾವನ್ನೂ ತೇವವನ್ನೂ ಬೇಕಾದ ಹದಕ್ಕೆ ತರುವ ವಿದ್ಯೆಯನ್ನು ಜಗತ್ತಿಗೆ ಕೊಟ್ಟವನು ವಿಲಿಸ್ ಹ್ಯಾವಿಲೆಂಡ್ ಕ್ಯಾರಿಯರ್ ಎಂಬ ಅಮೇರಿಕದ ಯಂತ್ರಶಿಲ್ಪಿ. ಕ್ಯಾರಿಯರ್ ಎಂದೊಡನೆ ನಮಗೆ ನೆನಪಾಗುವುದು ಊಟದ ಡಬ್ಬಿ, ಇಲ್ಲವೇ ಸೈಕಲ್ಲಿನ ಹಿಂಬದಿಯ ಆಸನ. ಆದರೆ ಅಂಗಡಿಗಳಲ್ಲಿ ಮಾರುವ ಹವಾನಿಯಂತ್ರಣ ಯಂತ್ರಗಳ ಮೇಲೆ ಆ ಹೆಸರನ್ನು ಕಂಡವರು ಅದು ಒಬ್ಬ ಮನುಷ್ಯನ ಹೆಸರೆಂಬುದನ್ನು ತಿಳಿದಿರಬೇಕು.

ಕ್ಯಾರಿಯರನು ಹುಟ್ಟಿದ್ದು ೧೮೭೬ನೆಯ ನವೆಂಬರ್ ೨೬ರಂದು, ನ್ಯೂಯಾರ್ಕ್ ಸಂಸ್ಥಾನದ ಪಶ್ಚಿಮದ ಅಂಚಿನಲ್ಲಿ, ಈರೀ ಸರೋವರದ ಹತ್ತಿರವಿರುವ ಅಂಗೋಲಾ ಎಂಬ ಹಳ್ಳಿಯಲ್ಲಿ. ಮನೆತನವು ಒಕ್ಕಲುತನದ್ದು. ತಂದೆತಾಯಿಗೆ ಒಬ್ಬನೇ ಮಗ. ಜೊತೆಗೆ ಆಡಲು ಓರಗೆಯ ಮಕ್ಕಳಿಲ್ಲದ, ಹಿರಿಯರೇ ತುಂಬಿದ ಮನೆ. ತಾಯಿಗೆ ಯಂತ್ರಗಳೆಂದರೆ ಅಕ್ಕರೆ. ಕೆಟ್ಟ ಗಡಿಯಾರವನ್ನು ಬಿಚ್ಚಿ ತಾನೇ ಸರಿಪಡಿಸುವಷ್ಟು ಜಾಣ್ಮೆ ಆಕೆಗಿತ್ತು. ಹುಡುಗನಿಗೆ ಶಾಲೆಯಲ್ಲಿ ಭಿನ್ನರಾಶಿಯು ತಲೆಗೆ ಹತ್ತಲಿಲ್ಲ. ತಾಯಿಯು ನೆಲಮಾಳಿಗೆಯಿಂದ ಒಂದು ಬೋಗುಣಿ ತುಂಬ ಸೇಬುಗಳನ್ನು ತರಿಸಿ, ಅವನ್ನು ಅರೆ, ಕಾಲು, ಅರೆಕಾಲುಗಳಾಗಿ ಕೊಯ್ಯಿಸಿ, ಕೂಡಿಸಿ ಕಳೆಯಿಸಿ ಲೆಕ್ಕವನ್ನು ಕಲಿಸಿದಳು. ಯಾವುದೇ ಕಠಿಣ ಪ್ರಶ್ನೆಯನ್ನು ತುಂಡುತುಂಡಾಗಿ ಮಾಡಿಕೊಂಡು ಬಿಡಿಸುವ ಅಭ್ಯಾಸವು ಆ ಸೇಬುಗಳಿಂದಲೇ ತನಗೆ ಬಂದಿತೆಂದು ಆತನು ಮುದಿತನದಲ್ಲಿಯೂ ನೆನೆಯುತ್ತಿದ್ದನು. ಮಗನಿಗೆ ಹನ್ನೊಂದು ವರ್ಷವಾದಾಗ ಆ ತಾಯಿಯು ತೀರಿಕೊಂಡಳು.

೧೮೯೦ರ ದಶಕದಲ್ಲಿ ಅಮೇರಿಕವನ್ನು ಹಣಕಾಸಿನ ಮುಗ್ಗಟ್ಟು ಆವರಿಸಿತ್ತು. ಒಕ್ಕಲಿಗರ ಮನೆಗಳಲ್ಲಿ ಕಾಲೇಜಿನ ಮಾತೆತ್ತುವ ಹಾಗಿರಲಿಲ್ಲ. ಹಳ್ಳಿಯ ಶಾಲೆಯನ್ನು ಮುಗಿಸಿದ ಕ್ಯಾರಿಯರನು ಕೆಲವು ಕಾಲ ತಾನೇ ಮಕ್ಕಳಿಗೆ ಪಾಠ ಹೇಳಿದನು. ಬಳಿಕ ಬಫಲೋ ನಗರದ ಪ್ರೌಢಶಾಲೆಯಲ್ಲಿ ಕೊರತೆಯಾಗಿದ್ದ ವಿಷಯಗಳನ್ನು ಓದಿಕೊಂಡು, ೧೮೯೭ರಲ್ಲಿ ಸ್ಪರ್ಧೆಯಲ್ಲಿ ವಿದ್ಯಾರ್ಥಿವೇತನವನ್ನು ಗೆದ್ದು, ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯವನ್ನು ಸೇರಿದನು. ವಿದ್ಯಾರ್ಥಿವೇತನವು ಶುಲ್ಕಕ್ಕಾಯಿತು, ಹೊಟ್ಟೆಗೆ? ಪರರ ಅಂಗಳದ ಹುಲ್ಲು ಕತ್ತರಿಸಿದನು, ಊಟದ ಮನೆಯಲ್ಲಿ ಬಡಿಸಿದನು, ಗೆಳೆಯನೊಡನೆ ಸೇರಿ ವಿದ್ಯಾರ್ಥಿಗಳ ಬಟ್ಟೆ ಒಗೆಸುವ ಸಹಕಾರಿ ಏರ್ಪಾಟನ್ನು ಕಟ್ಟಿದನು. ಚಳಿಗಾಲದಲ್ಲಿ ಕುಲುಮೆಗಳನ್ನು ನೋಡಿಕೊಳ್ಳುವ ಕೆಲಸವನ್ನೂ ಮಾಡಿದನು.

ಕುಲುಮೆಯೆಂದರೆ ನಮ್ಮ ವಿದ್ಯಾರ್ಥಿಗಳ ಕಣ್ಣಿಗೆ ಕಮ್ಮಾರನ ಸಾಲೆಯು ಕಾಣುವುದು ಸಹಜ. ಇದು ಬೇರೆ. ತಿಂಗಳುಗಟ್ಟಲೆ ಹಿಮ ಬೀಳುವ ಆ ಸೀಮೆಯಲ್ಲಿ ಬೆಂಕಿಯಿಲ್ಲದ ಮನೆಯು ವಾಸಕ್ಕೆ ಯೋಗ್ಯವಲ್ಲ. ಮನೆಯ ನೆಲಮಾಳಿಗೆಯಲ್ಲಿ ಒಂದು ದೊಡ್ಡ ಕಬ್ಬಿಣದ ಒಲೆ. ಅದರಲ್ಲಿ ಹಗಲಿರುಳೂ ಕಲ್ಲಿದ್ದಲು ಉರಿಯಬೇಕು. ಕಾದ ಗಾಳಿಯಾಗಲಿ, ನೀರಾಗಲಿ, ಹಬೆಯಾಗಲಿ ಕೊಳವೆಗಳ ಮೂಲಕ ಮೇಲೇರಿ ಕೋಣೆಗಳನ್ನು ಬೆಚ್ಚಗಿಡಬೇಕು. ನಸುಕಿನಲ್ಲೆದ್ದು ಬೂದಿಯನ್ನು ಗೋರಿ, ಕಲ್ಲಿದ್ದಲನ್ನು ತುಂಬಿ, ರಾತ್ರಿ ಮಲಗುವ ಮುನ್ನ ಉರಿಯನ್ನು ಹದಕ್ಕೆ ತಂದಿಡುವುದು ಬಡ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಕೆಲಸ. ಮುಂದೆ ಕಲ್ಲಿದ್ದಲಿನ ಜಾಗಕ್ಕೆ ಕೊಳವೆಯಲ್ಲಿ ಬರುವ ಅನಿಲವು ಬಂದಮೇಲೆ ಬೂದಿಯೂ ಹೋಯಿತು, ಹುಡುಗನೂ ಬೇಡವಾದನು.

೧೯೦೧ರಲ್ಲಿ ಯಂತ್ರಶಿಲ್ಪದ ಪದವಿ ಪಡೆದ ಕ್ಯಾರಿಯರನಿಗೆ ಬಫಲೋ ಫೋರ್ಜ್ ಎಂಬ ಕಂಪನಿಯಲ್ಲಿ ಕೆಲಸ ದೊರೆಯಿತು. ವಾರಕ್ಕೆ ೧೦ ಡಾಲರು ಸಂಬಳ. ಕಂಪನಿಯು ತಿದಿ, ಬೀಸಣಿಗೆ, ಕಾವಿನ ಸುರುಳಿಗಳನ್ನು ತಯಾರಿಸುತ್ತಿತ್ತು. ಮರವನ್ನೋ ಕಾಫಿಯನ್ನೋ ಒಣಗಿಸುವ ಕೋಣೆಗೆ ಎಷ್ಟು ಸುರುಳಿ ಬೇಕೆಂಬುದನ್ನು ಆ ಕಾಲದ ಯಂತ್ರಶಿಲ್ಪಿಗಳು ಅಂದಾಜಿನಿಂದ ಹೇಳುತ್ತಿದ್ದರು. ಅಂದಾಜು ತಪ್ಪಿದರೆ ಮಾನ ಹೋದೀತೆಂಬ ಭಯದಿಂದ ಬೇಕಾದುದಕ್ಕಿಂತ ಹೆಚ್ಚೇ ಹಾಕಿಬಿಡುತ್ತಿದ್ದರು. ಹೆಚ್ಚಿನ ಖರ್ಚು ಗಿರಾಕಿಯ ತಲೆಗೆ. ಹೊಸ ಹುಡುಗನಿಗೆ ಇದು ಸರಿಕಾಣಲಿಲ್ಲ. ಸುರುಳಿಗಳ ಮೂಲಕ ಗಾಳಿಯನ್ನು ಹಾಯಿಸಿ, ಎಷ್ಟು ಹಬೆಗೆ ಎಷ್ಟು ಕಾವು ಬರುವುದೆಂದು ಅಳೆದು ಕೋಷ್ಟಕಗಳನ್ನು ಬರೆದನು. ಅವು ಎಷ್ಟು ಉಪಯುಕ್ತವಾದುವೆಂದರೆ ಕಂಪನಿಯು ಆತನಿಗಾಗಿ ಒಂದು ಪ್ರಯೋಗ ವಿಭಾಗವನ್ನೇ ತೆರೆಯಿತು. ಯಂತ್ರವನ್ನು ಕೊಳ್ಳುವ ಮೊದಲು ಅಳೆಯಬೇಕು ಎಂಬುದನ್ನು ಆ ವ್ಯವಹಾರಕ್ಕೆ ಕಲಿಸಿದ್ದು ಕ್ಯಾರಿಯರನ ಮೊದಲನೆಯ ಸಾಧನೆ. ಮುಂದಿನದೆಲ್ಲವೂ ಇದರಿಂದಲೇ ಬೆಳೆಯಿತು.

೧೯೦೨ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿದ್ದ ಸ್ಯಾಕೆಟ್ ವಿಲ್‌ಹೆಲ್ಮ್ಸ್ ಎಂಬ ಮುದ್ರಣಾಲಯದವರು ಒಂದು ಸಂಕಟವನ್ನು ಹೇಳಿಕೊಂಡು ಬಂದರು. ಬಣ್ಣದ ಚಿತ್ರವನ್ನು ಅಚ್ಚುಹಾಕುವಾಗ ಒಂದೇ ಹಾಳೆಯನ್ನು ಯಂತ್ರಕ್ಕೆ ಹಲವು ಸಲ ಕೊಡಬೇಕು. ಒಂದೊಂದು ಸಲಕ್ಕೆ ಒಂದೊಂದು ಬಣ್ಣ. ಕಾಗದವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ನ್ಯೂಯಾರ್ಕಿನ ಬೇಸಗೆಯಲ್ಲಿ ಇಂದು ಸೆಕೆ, ನಾಳೆ ಒಣಗಾಳಿ. ನಿನ್ನೆ ಹಳದಿ ಹಚ್ಚಿದ ಹಾಳೆಯ ಮೇಲೆ ಇಂದು ಕೆಂಪು ಹಚ್ಚಿದರೆ ಒಂದು ಕೂದಲೆಳೆಯಷ್ಟು ಆಚೀಚೆಯಾಗಿ ಚಿತ್ರದಲ್ಲಿನ ಮುಖಕ್ಕೆ ಎರಡು ಮೂಗುಗಳು ಕಾಣುವ ಹಾಗಾಗುತ್ತಿತ್ತು. ಮುದ್ರಣಾಲಯದೊಳಗಿನ ತೇವವನ್ನು ವರ್ಷದುದ್ದಕ್ಕೂ ಒಂದೇ ಸಮನೆ ನೂರಕ್ಕೆ ೫೫ರಲ್ಲಿ ನಿಲ್ಲಿಸಿ ಕೊಡಬೇಕೆಂಬುದು ಅವರ ಬೇಡಿಕೆ.

ಇಪ್ಪತ್ತೈದು ವರ್ಷದ ಕ್ಯಾರಿಯರನು ಹವಾಮಾನ ಇಲಾಖೆಯ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಲೆಕ್ಕಹಾಕಿದನು. ಗಾಳಿಯನ್ನು ತಣ್ಣಗಿನ ಸುರುಳಿಗಳ ಮೇಲೆ ಹಾಯಿಸಿದರೆ ಅದರೊಳಗಿನ ತೇವವು ಹನಿಗಟ್ಟಿ ಸುರುಳಿಯ ಮೇಲೆ ಕೂಡುತ್ತದೆ. ಮಳೆಗಾಲದಲ್ಲಿ ತಣ್ಣೀರು ತುಂಬಿಟ್ಟ ಹಿತ್ತಾಳೆಯ ಚೊಂಬು ಹೊರಗೆ ಬೆವರುವುದನ್ನು ನೀವು ಕಂಡಿದ್ದೀರಷ್ಟೆ, ಅದೇ ನಿಯಮ. ೧೯೦೨ನೆಯ ಜುಲೈ ೧೭ರ ದಿನಾಂಕವುಳ್ಳ ಆ ನಕ್ಷೆಗಳನ್ನೇ ಇಂದಿನ ಹವಾನಿಯಂತ್ರಣದ ಜನ್ಮಪತ್ರಿಕೆಯೆಂದು ಪರಿಗಣಿಸುತ್ತಾರೆ. ಆ ಏರ್ಪಾಟಿನ ಶೈತ್ಯಶಕ್ತಿಯು ದಿನಕ್ಕೆ ೧,೦೮,೦೦೦ ಪೌಂಡು ಮಂಜುಗಡ್ಡೆಯನ್ನು ಕರಗಿಸಿ ಪಡೆಯುವ ತಂಪಿಗೆ ಸಮನಾಗಿತ್ತು.

ಈ ಮಂಜುಗಡ್ಡೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ಅಂಗಡಿಯಲ್ಲಿ ಒಂದು ಟನ್ನಿನ ಯಂತ್ರ, ಒಂದೂವರೆ ಟನ್ನಿನ ಯಂತ್ರ ಎನ್ನುತ್ತಾರೆ. ಅದು ಯಂತ್ರದ ತೂಕವೆಂದು ತಿಳಿದವರು ಬಹುಮಂದಿ. ನಿಜವಾಗಿ ಅದು ಮಂಜುಗಡ್ಡೆಯ ತೂಕ. ಯಂತ್ರವು ಬರುವ ಮೊದಲು ತಂಪು ಬೇಕಾದವರು ಕೆರೆ ಸರೋವರಗಳಿಂದ ಕೊಯ್ದ ಗಡ್ಡೆಯನ್ನು ಕೊಳ್ಳುತ್ತಿದ್ದರು. ಅಮೇರಿಕದ ೨,೦೦೦ ಪೌಂಡಿನ ಒಂದು ಟನ್ನು ಗಡ್ಡೆಯು ೨೪ ಗಂಟೆಗಳಲ್ಲಿ ಕರಗುವಾಗ ಎಷ್ಟು ಕಾವನ್ನು ಹೀರುವುದೋ ಅಷ್ಟು ಕಾವನ್ನು ಅಷ್ಟೇ ಹೊತ್ತಿನಲ್ಲಿ ಹೊರಗೆಸೆಯುವ ಯಂತ್ರಕ್ಕೆ ಒಂದು ಟನ್ನಿನದೆಂದು ಹೆಸರು. ಆ ಲೆಕ್ಕದಲ್ಲಿ ಬ್ರೂಕ್ಲಿನ್ನಿನ ಏರ್ಪಾಟು ೫೪ ಟನ್ನಿನದಾಗುತ್ತದೆ. ಇಂದು ನಮ್ಮ ಒಂದು ಮಲಗುವ ಕೋಣೆಗೆ ಸಾಕಾಗುವುದು ಒಂದು ಟನ್ನು.

ಆ ೫೪ ಟನ್ನಿನ ತಂಪನ್ನು ಕೊಟ್ಟದ್ದು ಕಾಗದಕ್ಕೆ, ಅಚ್ಚುಮೊಳೆಯವರಿಗಲ್ಲ. ಬೇಸಗೆಯಲ್ಲಿ ಒಳಗಿನ ಉಷ್ಣಮಾನವು ೮೦ ಫ್ಯಾರನ್‌ಹೀಟ್, ಎಂದರೆ ಸುಮಾರು ೨೭ ಡಿಗ್ರಿ ಇದ್ದರೆ ಸಾಕೆಂದು ಗೊತ್ತುಮಾಡಿದ್ದರು. ಕೆಲಸಗಾರರಿಗೆ ಹಿತವಾಗಿದ್ದರೆ ಅದು ತಾನಾಗಿ ಬಂದ ಲಾಭ. ಈ ವಿದ್ಯೆಯು ಮನುಷ್ಯನ ಬಳಿಗೆ ಬಂದದ್ದು ಬಹಳ ತಡವಾಗಿ, ಬಡವನ ಮನೆಗೆ ಬಂದದ್ದು ಎಲ್ಲಕ್ಕಿಂತ ತಡವಾಗಿ.

ಬ್ರೂಕ್ಲಿನ್ನಿನ ಕೆಲಸವಾದಮೇಲೂ ಕ್ಯಾರಿಯರನ ತಲೆಯಲ್ಲಿ ಅದೇ ಪ್ರಶ್ನೆಯು ಸುಳಿಯುತ್ತಿತ್ತು. ೧೯೦೨ರ ಶರತ್ಕಾಲದ ಕೊನೆಯಲ್ಲಿ ಒಂದು ಸಂಜೆ ಆತನು ಪಿಟ್ಸ್‌ಬರ್ಗ್ ನಗರದ ರೈಲುನಿಲ್ದಾಣದ ಕಟ್ಟೆಯ ಮೇಲೆ ಗಾಡಿಗಾಗಿ ಕಾದಿದ್ದನು. ದಟ್ಟವಾದ ಮಂಜು ಕವಿದಿತ್ತು. ನಾವಾದರೆ ಗಾಡಿ ತಡವಾಯಿತೆಂದು ಗೊಣಗುತ್ತಿದ್ದೆವು. ಆತನು ಆ ಮಂಜನ್ನೇ ನೋಡುತ್ತ ಆಲೋಚಿಸಿದನು: ಈ ಗಾಳಿಯು ತನಗೆ ಸಾಧ್ಯವಿರುವಷ್ಟು ತೇವವನ್ನು ಪೂರ್ತಿಯಾಗಿ ಹೊತ್ತಿದೆ, ಆದರೆ ತಂಪಾಗಿರುವುದರಿಂದ ಹೊತ್ತ ತೇವದ ಒಟ್ಟು ಮೊತ್ತವು ಸ್ವಲ್ಪವೇ. ಇದನ್ನೇ ಬೆಚ್ಚಗೆ ಮಾಡಿದರೆ ಒಣಗಾಳಿಯಾಗುತ್ತದೆ. ಹಾಗಾದರೆ ಕೃತಕವಾಗಿ ಮಂಜನ್ನು ಸೃಷ್ಟಿಸಿ, ಅದರ ಉಷ್ಣಮಾನವನ್ನು ನಿಶ್ಚಯಿಸಿದರೆ, ಗಾಳಿಯ ತೇವವನ್ನೇ ನಿಶ್ಚಯಿಸಿದಂತಾಯಿತಲ್ಲ! ತಣ್ಣೀರಿನ ತುಂತುರಿನ ನಡುವೆ ಗಾಳಿಯನ್ನು ಹಾಯಿಸಿ ಅದನ್ನು ಒಣಗಿಸುವ ಉಪಾಯವು ಹೀಗೆ ಹೊಳೆಯಿತು. ನೀರಿನಿಂದ ಒಣಗಿಸುವುದೇ ಎಂದು ಕೇಳಿದವರು ನಕ್ಕರಂತೆ. ಆದರೆ ತತ್ತ್ವವು ಚೊಂಬಿನದೇ. ತುಂತುರಿನ ಒಂದೊಂದು ಹನಿಯೂ ಒಂದೊಂದು ತಣ್ಣಗಿನ ಚೊಂಬು. ಗಾಳಿಯು ತನ್ನ ತೇವವನ್ನು ಇನ್ನು ಹೊರಲಾರದೆ ಇಳಿಸಿಬಿಡುವ ಉಷ್ಣಮಾನಕ್ಕೆ ತುಷಾರಬಿಂದುವೆಂದು ಹೆಸರು. ಆ ಬಿಂದುವನ್ನು ಕೈವಶ ಮಾಡಿಕೊಂಡ ಆ ಯಂತ್ರಕ್ಕೆ ೧೯೦೬ನೆಯ ಜನವರಿ ೨ರಂದು ಹಕ್ಕುಪತ್ರವು ದೊರೆಯಿತು.

ಹತ್ತಿಯ ಗಿರಣಿಗಳು ಆ ಯಂತ್ರವನ್ನು ಬರಮಾಡಿಕೊಂಡವು. ಒಣಹವೆಯಲ್ಲಿ ನೂಲು ಕಡಿಯುತ್ತದೆ, ಎಳೆಗಳಲ್ಲಿ ವಿದ್ಯುತ್ತು ಹುಟ್ಟಿ ಒಂದಕ್ಕೊಂದು ಸಿಡಿಯುತ್ತವೆ. ತೇವವಿದ್ದರೆ ಎಳೆಯು ಬಾಗುತ್ತದೆ. ಉತ್ತರ ಕೆರೋಲಿನಾದ ಬೆಲ್ಮಾಂಟಿನ ಗಿರಣಿಯೊಂದರಲ್ಲಿ ೧೯೦೬ರಲ್ಲಿ, ಜಪಾನಿನ ಯೊಕೊಹಾಮಾದ ರೇಷ್ಮೆ ಗಿರಣಿಯಲ್ಲಿ ೧೯೦೭ರಲ್ಲಿ ಕ್ಯಾರಿಯರನ ಯಂತ್ರಗಳು ನಿಂತವು. ಹವಾನಿಯಂತ್ರಣಕ್ಕೆ ಇಂಗ್ಲಿಷಿನಲ್ಲಿರುವ ಹೆಸರನ್ನು ೧೯೦೬ರಲ್ಲಿ ಇಟ್ಟವನೂ ಸ್ಟುಅರ್ಟ್ ಕ್ರೇಮರ್ ಎಂಬ ಗಿರಣಿಯ ಯಂತ್ರಶಿಲ್ಪಿಯೇ. ನೂಲಿಗೆ ಹದ ಕೊಡುವುದೆಂಬ ಗಿರಣಿಯ ಮಾತನ್ನೇ ಆತನು ಗಾಳಿಗೂ ಅನ್ವಯಿಸಿದನು. ಗಿರಣಗಾಂವದ ಪರಳ, ಲಾಲ್‌ಬಾಗ್‌ಗಳಲ್ಲಿ ಹಿಂದೆ ಗಿರಣಿಗಳು ನಡೆಯುತ್ತಿದ್ದಾಗ ನೂಲುವ ಸಾಲೆಯೊಳಗೆ ದುಡಿದವರಿಗೆ ಈ ತೇವದ ಕಥೆಯನ್ನು ಯಾರೂ ಹೇಳಬೇಕಾಗಿಲ್ಲ. ನೂಲಿಗೆ ಹಿತವಾದ ಹವೆಯಲ್ಲಿ ನೂಲುವವನು ಬೆವರಿನಲ್ಲಿ ಮುಳುಗಿರುತ್ತಿದ್ದನು. ಈ ಅನ್ಯಾಯಕ್ಕೆ ಕ್ಯಾರಿಯರನನ್ನು ದೂರುವುದು ಸಲ್ಲದು. ಆದರೆ ಆತನ ಯಶಸ್ಸನ್ನು ಹೊಗಳುವಾಗ ಅದನ್ನು ಮರೆಯುವುದೂ ಸಲ್ಲದು.

೧೯೧೧ರಲ್ಲಿ ಕ್ಯಾರಿಯರನು ಅಮೇರಿಕದ ಯಂತ್ರಶಿಲ್ಪಿಗಳ ಸಂಘದ ಮುಂದೆ ಗಾಳಿಯ ಕಾವು, ತೇವ, ತುಷಾರಬಿಂದುಗಳ ಪರಸ್ಪರ ಸಂಬಂಧವನ್ನು ತಿಳಿಸುವ ಸೂತ್ರಗಳನ್ನು ಮಂಡಿಸಿದನು. ಆ ಸೂತ್ರಗಳನ್ನು ಚಿತ್ರಿಸುವ ನಕ್ಷೆಯನ್ನು ಈಗಲೂ ಯಂತ್ರಶಿಲ್ಪದ ವಿದ್ಯಾರ್ಥಿಗಳು ಅಭ್ಯಾಸ ಮಾಡುತ್ತಾರೆ.

ಮೂರು ವರ್ಷಗಳ ಬಳಿಕ ಯೂರೋಪಿನಲ್ಲಿ ಯುದ್ಧವು ಆರಂಭವಾಯಿತು. ಬಫಲೋ ಫೋರ್ಜಿನವರು ಹೆದರಿ ಹವಾನಿಯಂತ್ರಣದ ವಿಭಾಗವನ್ನು ಮುಚ್ಚಲು ನಿಶ್ಚಯಿಸಿದರು. ಆಗ ಕ್ಯಾರಿಯರನೂ ಆತನ ಸ್ನೇಹಿತ ಇರ್ವಿನ್ ಲೈಲನೂ ಸೇರಿ ಏಳು ಮಂದಿ ಯಂತ್ರಶಿಲ್ಪಿಗಳು ೩೨,೬೦೦ ಡಾಲರು ಬಂಡವಾಳವನ್ನು ಕೂಡಿಸಿಕೊಂಡು ೧೯೧೫ನೆಯ ಜೂನ್ ತಿಂಗಳಲ್ಲಿ ತಮ್ಮದೇ ಕಂಪನಿಯನ್ನು ಆರಂಭಿಸಿದರು. ಆಗ ಕ್ಯಾರಿಯರನಿಗೆ ಮೂವತ್ತೆಂಟು ವರ್ಷ. ನಿಶ್ಚಿತವಾದ ಸಂಬಳವನ್ನು ಬಿಟ್ಟು ಯುದ್ಧದ ನಡುವೆ ಹೊಸ ವ್ಯಾಪಾರಕ್ಕೆ ಇಳಿಯುವುದು ಸಂಸಾರಸ್ಥನಿಗೆ ಸುಲಭದ ಮಾತಲ್ಲ.

ಅಲ್ಲಿಯವರೆಗಿನ ಶೈತ್ಯಯಂತ್ರಗಳಲ್ಲಿ ಸಾಮಾನ್ಯವಾಗಿ ಅಮೋನಿಯ ತುಂಬಿರುತ್ತಿತ್ತು. ಅದು ವಿಷ, ಕೊಳವೆಯು ಸೋರಿದರೆ ಪ್ರಾಣಕ್ಕೆ ಅಪಾಯ. ಜನರು ಕಿಕ್ಕಿರಿದ ಸ್ಥಳದಲ್ಲಿ ಅದನ್ನು ಇಡುವುದೆಂತು? ಕ್ಯಾರಿಯರನು ಅಮೋನಿಯದ ಬದಲು ಡೈಲೀನ್ ಎಂಬ ದ್ರವವನ್ನು ಬಳಸಿ, ತಿರುಗುವ ಚಕ್ರದಿಂದ ಆವಿಯನ್ನು ಒತ್ತುವ ಹೊಸ ಬಗೆಯ ಯಂತ್ರವನ್ನು ೧೯೨೨ರಲ್ಲಿ ಜನರೆದುರು ನಡೆಸಿ ತೋರಿಸಿದನು. ಅದು ಹಳೆಯದಕ್ಕಿಂತ ಚಿಕ್ಕದು, ನಂಬುವಂಥದು. ೧೯೨೪ರಲ್ಲಿ ಡೆಟ್ರಾಯಿಟ್ ನಗರದ ಹಡ್ಸನ್ ಮಳಿಗೆಯವರು ಅಂಥ ಮೂರು ಯಂತ್ರಗಳನ್ನು ಕೊಂಡರು. ಅಗ್ಗದ ಮಾರಾಟವು ನಡೆಯುತ್ತಿದ್ದ ಅವರ ನೆಲಮಾಳಿಗೆಯಲ್ಲಿ ಸೆಕೆಗೆ ಗಿರಾಕಿಗಳು ಮೂರ್ಛೆ ಹೋಗುತ್ತಿದ್ದುದೇ ಕಾರಣ.

ಮರುವರ್ಷದ ಕಥೆಯು ಇನ್ನೂ ಸ್ವಾರಸ್ಯವಾದುದು. ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರಕ್ಕೆ ಯಂತ್ರವನ್ನು ಕೂಡಿಸಬೇಕಾಗಿತ್ತು. ನಗರದ ಸುರಕ್ಷತಾ ಅಧಿಕಾರಿಯು ಹೊಸ ದ್ರವಕ್ಕೆ ಬೆಂಕಿ ಹತ್ತೀತೆಂದು ಅನುಮತಿಯನ್ನು ಕೊಡಲೊಲ್ಲನು. ಕ್ಯಾರಿಯರನು ಆತನ ಕಚೇರಿಗೇ ಹೋಗಿ, ಪಾತ್ರೆಯೊಂದರಲ್ಲಿ ಆ ದ್ರವವನ್ನು ಸುರಿದು, ಉರಿಯುವ ಬೆಂಕಿಕಡ್ಡಿಯನ್ನು ಅದರೊಳಗೆ ಹಾಕಿಬಿಟ್ಟನು. ಅಧಿಕಾರಿಯು ಗಾಬರಿಯಾದನು. ದ್ರವವು ಭಗ್ಗೆನ್ನದೆ ಮೆಲ್ಲಗೆ ಉರಿದು ತೀರಿತು. ಅನುಮತಿಯು ದೊರೆಯಿತು. ನಮ್ಮ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಅನುಕರಿಸಬೇಕಾಗಿಲ್ಲ.

೧೯೨೫ನೆಯ ಮೇ ತಿಂಗಳ ಕೊನೆಯಲ್ಲಿ ರಿವೋಲಿಯ ಬಾಗಿಲು ತೆರೆಯಿತು. ಅಭ್ಯಾಸಬಲದಿಂದ ಪ್ರೇಕ್ಷಕರು ಕೈಬೀಸಣಿಗೆಗಳನ್ನು ತಂದಿದ್ದರು. ಯಂತ್ರವನ್ನು ನಡೆಸಲು ತಡವಾದುದರಿಂದ ಮೊದಲು ಒಳಗೆ ಸೆಕೆಯೇ ಸೆಕೆ. ಸಾವಿರಾರು ಬೀಸಣಿಗೆಗಳು ಒಟ್ಟಿಗೆ ಆಡುತ್ತಿದ್ದವು. ಕ್ಯಾರಿಯರನೂ ಆತನ ಸಂಗಡಿಗರೂ ಹಿಂದೆ ನಿಂತು ಆ ಬೀಸಣಿಗೆಗಳನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಒಂದು ನಿಂತಿತು, ಹತ್ತು ನಿಂತವು. ಕಡೆಗೆ ಪಟ್ಟುಹಿಡಿದು ಬೀಸುತ್ತಿದ್ದವರೂ ಮಡಿಲಿಗೆ ಇಳಿಸಿ ಚಿತ್ರವನ್ನು ನೋಡತೊಡಗಿದರು. ಪ್ಯಾರಮೌಂಟ್ ಸಂಸ್ಥೆಯ ಯಜಮಾನ ಅಡಾಲ್ಫ್ ಝೂಕರ್ ಮೇಲಂತಸ್ತಿನಲ್ಲಿ ಕುಳಿತಿದ್ದು, ಹೊರಗೆ ಬಂದಾಗ ಜನಕ್ಕೆ ಇದು ಮೆಚ್ಚುಗೆಯಾಗುವುದೆಂದು ಒಪ್ಪಿಕೊಂಡನು. ಬೇಸಗೆಯಲ್ಲಿ ಖಾಲಿ ಬೀಳುತ್ತಿದ್ದ ಚಿತ್ರಮಂದಿರಗಳು ಅಲ್ಲಿಂದ ಮುಂದೆ ಬೇಸಗೆಯಲ್ಲಿಯೇ ತುಂಬಿದವು. ಟಿಕೇಟಿನ ಕಾಸು ಇದ್ದ ಕೂಲಿಯವನಿಗೂ ಎರಡು ಗಂಟೆಯ ತಂಪು ಸಿಕ್ಕಿತು. ಬಳಿಕ ಅವನು ಅದೇ ಬೇಯುವ ಕೋಣೆಗೆ ಮರಳಬೇಕಷ್ಟೆ.

ಹಾಗಾದರೆ ಮನೆಗಳು? ೧೯೧೪ರಲ್ಲಿಯೇ ಮಿನಿಯಾಪೊಲಿಸ್ ನಗರದ ಗೇಟ್ಸ್ ಎಂಬ ಸಿರಿವಂತನ ಮಹಲಿಗೆ ಹವಾನಿಯಂತ್ರಣ ಯಂತ್ರವನ್ನು ಕೂಡಿಸಿದ್ದುಂಟು. ಅದರ ಎತ್ತರ ೭ ಅಡಿ, ಉದ್ದ ೨೦ ಅಡಿ. ನಮ್ಮಲ್ಲಿ ಅನೇಕರ ಚಾಳಿನ ಖೋಲಿಯೇ ಅಷ್ಟು ಉದ್ದವಿಲ್ಲ. ಸಾಮಾನ್ಯ ಗೃಹಸ್ಥನ ಮನೆಗೆ ಹೊಂದುವ ಯಂತ್ರವನ್ನು ಕ್ಯಾರಿಯರನ ಕಂಪನಿಯು ೧೯೨೦ರ ದಶಕದ ಕೊನೆಯಲ್ಲಿ ವೆದರ್‌ಮೇಕರ್ ಎಂಬ ಹೆಸರಿನಿಂದ ಹೊರತಂದಿತು. ಅನಿಲವನ್ನು ಉರಿಸಿ ಗಾಳಿಯನ್ನು ಬೆಚ್ಚಗೆ ಮಾಡುವುದು, ಧೂಳನ್ನು ಸೋಸುವುದು, ತೇವವನ್ನು ಸೇರಿಸುವುದು, ಮನೆಯಲ್ಲೆಲ್ಲಾ ಹರಡುವುದು ಅದರ ಕೆಲಸ. ಹಿಮಗಾಲದ ಗಾಳಿಯನ್ನು ಬರಿದೆ ಕಾಯಿಸಿದರೆ ಅದು ಅತಿಯಾಗಿ ಒಣಗಿ, ತುಟಿಯು ಒಡೆದು, ಮರದ ಕುರ್ಚಿಯ ಕೀಲುಗಳು ಸಡಿಲವಾಗುತ್ತವೆ. ತೇವವನ್ನು ಸೇರಿಸುವುದು ಅದಕ್ಕಾಗಿ. ಕಾರ್ನೆಲಿನಲ್ಲಿ ಪರರ ಕುಲುಮೆಗೆ ಕಲ್ಲಿದ್ದಲು ತುಂಬಿದ ಹುಡುಗನ ಕಂಪನಿಯಿಂದ ಇಂಥ ಕುಲುಮೆಯು ಬಂದದ್ದು ಸಹಜವೇ. ಆದರೆ ೧೯೨೯ರ ಅಕ್ಟೋಬರಿನಲ್ಲಿ ಅಮೇರಿಕದ ಹಣದ ಪೇಟೆಯು ಕುಸಿಯಿತು. ಅನ್ನಕ್ಕೇ ಸಾಲುಗಟ್ಟಿ ನಿಂತವರು ಯಂತ್ರವನ್ನು ಕೊಳ್ಳುವರೆ? ಮನೆಯ ವ್ಯಾಪಾರವು ಅಲ್ಲಿಗೇ ನಿಂತಿತು.

ಅಮೇರಿಕದ ಬಹಳಷ್ಟು ಮನೆಗಳಲ್ಲಿ ಈಗಿರುವ ಏರ್ಪಾಟು ಆ ಯಂತ್ರದ ಸಂತತಿಯೇ. ಚಳಿಗಾಲದಲ್ಲಿ ಅನಿಲದ ಕುಲುಮೆ, ಬೇಸಗೆಯಲ್ಲಿ ತಂಪಿನ ಸುರುಳಿ. ಎರಡಕ್ಕೂ ಬೀಸಣಿಗೆಯು ಒಂದೇ, ಗಾಳಿಯ ಕಾಲುವೆಯೂ ಒಂದೇ. ಸ್ವಲ್ಪ ಹಣವುಳ್ಳ ಗೃಹಸ್ಥನು ಅಂಥದನ್ನು ಕೊಳ್ಳುವಾಗ ಯಾವುದನ್ನು ಆರಿಸಬೇಕು? ಅಗ್ಗದ್ದನ್ನೇ ಕೊಳ್ಳಬೇಕೆ? ದೊಡ್ಡದನ್ನೇ? ಉತ್ತರವು ಕ್ಯಾರಿಯರನ ಮೊದಲ ಕೆಲಸದಲ್ಲಿಯೇ ಇದೆ: ಮೊದಲು ಅಳೆಯಬೇಕು. ಗೋಡೆಯು ಎಷ್ಟು ದಪ್ಪ, ಕಿಟಕಿಗಳು ಎಷ್ಟು, ಅವು ಪಡುವಣಕ್ಕೆ ಮುಖಮಾಡಿವೆಯೇ, ಮೇಲ್ಛಾವಣಿಯ ಕೆಳಗೆ ಕಾವನ್ನು ತಡೆಯುವ ಹೊದಿಕೆಯುಂಟೆ, ಮನೆಯಲ್ಲಿ ಎಷ್ಟು ಜನ ಎಂಬುದನ್ನು ಕೋಣೆಕೋಣೆಗೂ ಲೆಕ್ಕಹಾಕಿ ಯಂತ್ರದ ಶಕ್ತಿಯನ್ನು ಗೊತ್ತುಮಾಡಬೇಕು. ಬಿರುಕುಗಳನ್ನೂ ಕಾಲುವೆಯ ಸೋರಿಕೆಯನ್ನೂ ಮುಚ್ಚಲು ತಗಲುವ ಅಲ್ಪ ಖರ್ಚಿನಿಂದ ಎಷ್ಟೋ ವೇಳೆ ಒಂದು ಅಳತೆ ಚಿಕ್ಕ ಯಂತ್ರವೇ ಸಾಕಾಗುತ್ತದೆ.

ಇರಲಿ ಎಂದು ದೊಡ್ಡದನ್ನು ತಂದರೆ ಏನಾಗುವುದು? ಇಲ್ಲಿ ಬಹುಮಂದಿ ಮೋಸಹೋಗುತ್ತಾರೆ. ದೊಡ್ಡ ಯಂತ್ರವು ಕೆಲವೇ ನಿಮಿಷಗಳಲ್ಲಿ ಗಾಳಿಯನ್ನು ತಂಪುಮಾಡಿ ನಿಂತುಬಿಡುತ್ತದೆ. ಸುರುಳಿಯ ಮೇಲೆ ತೇವವು ಹನಿಗಟ್ಟಿ ಹರಿದುಹೋಗಲು ಸಾಕಷ್ಟು ಹೊತ್ತು ದೊರೆಯುವುದಿಲ್ಲ. ಕೋಣೆಯು ತಣ್ಣಗಿದ್ದೂ ಒದ್ದೆಯಾಗಿರುತ್ತದೆ. ಗೋಡೆಗೆ ಬೂಷ್ಟು ಹಿಡಿಯುತ್ತದೆ. ಕಾಸೂ ಹೆಚ್ಚು, ಸುಖವೂ ಕಡಿಮೆ. ತೀರ ಚಿಕ್ಕ ಯಂತ್ರವಾದರೋ ದಿನವೆಲ್ಲ ಏದುಸಿರುಬಿಟ್ಟು ಓಡುತ್ತಲೇ ಇರುತ್ತದೆ.

ಕುಲುಮೆಯ ವಿಷಯದಲ್ಲಿ ಇನ್ನೊಂದು ವಿವೇಕವು ಬೇಕು. ಅಗ್ಗದ ಕುಲುಮೆಯಲ್ಲಿ ನೂರು ರೂಪಾಯಿಯ ಅನಿಲವನ್ನು ಉರಿಸಿದರೆ ಸುಮಾರು ಎಂಬತ್ತು ರೂಪಾಯಿಯ ಕಾವು ಮನೆಗೆ, ಉಳಿದದ್ದು ಹೊಗೆಯೊಡನೆ ಆಕಾಶಕ್ಕೆ. ದುಬಾರಿಯ ಕುಲುಮೆಯಲ್ಲಿ ತೊಂಬತ್ತೈದರಷ್ಟು ಮನೆಗೇ ಸಿಗುತ್ತದೆ. ಅದರ ಗುಟ್ಟು ಏನೆಂದರೆ ಹೊಗೆಯನ್ನು ಅದರ ತುಷಾರಬಿಂದುವಿಗಿಂತ ಕೆಳಕ್ಕೆ ತಣಿಸಿ, ಅದರೊಳಗಿನ ನೀರಾವಿಯು ನೀರಾಗುವಾಗ ಬಿಡುವ ಕಾವನ್ನೂ ಮನೆಯೊಳಕ್ಕೆ ಎಳೆದುಕೊಳ್ಳುವುದು. ಪಿಟ್ಸ್‌ಬರ್ಗಿನ ಮಂಜಿನ ತತ್ತ್ವವೇ ಚಿಮಣಿಯೊಳಗೂ ನಡೆದಿದೆ! ಬಫಲೋದಂಥ ಹಿಮದ ಊರಿನಲ್ಲಿ ಹೆಚ್ಚಿಗೆ ಕೊಟ್ಟ ಬೆಲೆಯು ಕೆಲವು ಚಳಿಗಾಲಗಳಲ್ಲಿ ಹಿಂದಕ್ಕೆ ಬರುತ್ತದೆ. ಅಲ್ಲಿಯವನು ಒಳ್ಳೆಯ ಕುಲುಮೆಯನ್ನು ಕೊಂಡು ತಂಪಿನ ಯಂತ್ರವನ್ನು ಅಗ್ಗದ್ದಾಗಿ ತರಬಹುದು. ವರ್ಷಕ್ಕೆ ಕೆಲವೇ ದಿನ ಚಳಿಯಿರುವ ಟೆಕ್ಸಾಸಿನವನು ಇದಕ್ಕೆ ವಿರುದ್ಧವಾಗಿ ನಡೆದುಕೊಳ್ಳಬೇಕು. ಬಹುಕಾಲ ಓಡುವ ಯಂತ್ರಕ್ಕೆ ಹಣ ಸುರಿಯುವುದು ಜಾಣತನ; ಮೂಲೆಯಲ್ಲಿ ಮಲಗಿರುವ ಯಂತ್ರಕ್ಕೆ ಸುರಿಯುವುದು ಬರೀ ಆಡಂಬರ.

ಮುಂಬಯಿಗೆ ಕುಲುಮೆಯು ಬೇಡ. ಆದರೆ ಇಲ್ಲಿಯೂ ಯಂತ್ರದ ಮೇಲೆ ಅಂಟಿಸಿರುವ ನಕ್ಷತ್ರಗಳನ್ನು ಲೆಕ್ಕಹಾಕಿ ಕೊಳ್ಳುವುದು ಅದೇ ವಿವೇಕ. ನಕ್ಷತ್ರಗಳು ಹೆಚ್ಚಿದಷ್ಟೂ ಬೆಲೆಯು ಹೆಚ್ಚು, ವಿದ್ಯುತ್ತಿನ ಬಿಲ್ಲು ಕಡಿಮೆ. ೨೦೨೦ರಿಂದ ಹೊಸ ಯಂತ್ರಗಳು ತಾವಾಗಿ ೨೪ ಡಿಗ್ರಿಯಲ್ಲಿಯೇ ಆರಂಭವಾಗಬೇಕೆಂದು ಭಾರತ ಸರ್ಕಾರವು ನಿಯಮ ಮಾಡಿದೆ. ತೇವವು ಇಳಿದರೆ ೨೪ ಡಿಗ್ರಿಯು ಮೈಗೆ ಧಾರಾಳವಾಗಿ ಸಾಕು. ೧೮ಕ್ಕೆ ಇಳಿಸಿ ಕಂಬಳಿ ಹೊದೆಯುವವರಿಗೆ ಯಾವ ನಕ್ಷತ್ರವೂ ಸಹಾಯ ಮಾಡಲಾರದು.

ಕ್ಯಾರಿಯರನ ಚರಿತ್ರೆಗೆ ಮರಳೋಣ. ೧೯೩೦ರಲ್ಲಿ ಇತರ ಎರಡು ಕಂಪನಿಗಳೊಡನೆ ಒಂದಾಗಿ ಆತನ ಸಂಸ್ಥೆಯು ಮುಗ್ಗಟ್ಟಿನ ವರ್ಷಗಳನ್ನು ಹೇಗೋ ದಾಟಿತು. ೧೯೩೭ರಲ್ಲಿ ಸಿರಾಕ್ಯೂಸ್ ನಗರಕ್ಕೆ ನೆಲೆಯನ್ನು ಬದಲಿಸಿತು. ಆ ದಶಕದಲ್ಲಿ ಗಾಳಿಯನ್ನು ತಣಿಸುವ ವಿದ್ಯೆಯು ಪಾತಾಳಕ್ಕೂ ಇಳಿಯಿತು. ಭೂಮಿಯ ಒಡಲು ಬಿಸಿ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಆಳಕ್ಕೆ ಹೋದಂತೆ ಬಂಡೆಯೇ ಸುಡುತ್ತಿತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ, ೨೦೦೧ರಲ್ಲಿ ಮುಚ್ಚಿದ ನಮ್ಮ ಕೋಲಾರದ ಗಣಿಗಳಿಗೂ ತಣಿಸಿದ ಗಾಳಿಯನ್ನು ಇಳಿಸಬೇಕಾಗಿತ್ತು. ೧೯೩೯ರ ನ್ಯೂಯಾರ್ಕಿನ ಜಾಗತಿಕ ಪ್ರದರ್ಶನದಲ್ಲಿ ಕ್ಯಾರಿಯರನ ಕಂಪನಿಯು ಹಿಮದ ಗುಡಿಸಲಿನ ಆಕಾರದ ಮಂಟಪವನ್ನು ಕಟ್ಟಿ ಜನರನ್ನು ಬೆರಗುಗೊಳಿಸಿತು. ಎರಡನೆಯ ಮಹಾಯುದ್ಧ ಬಂದಾಗ ಮಳಿಗೆಗಳಲ್ಲಿದ್ದ ಯಂತ್ರಗಳನ್ನೇ ಕಿತ್ತು ಯುದ್ಧಸಾಮಗ್ರಿಯ ಕಾರ್ಖಾನೆಗಳಿಗೆ ಒಯ್ದರು. ಕ್ಲೀವ್‌ಲೆಂಡಿನಲ್ಲಿ ವಿಮಾನದ ಎಂಜಿನುಗಳನ್ನು ಪರೀಕ್ಷಿಸಲು ಎತ್ತರದ ಆಕಾಶದ ಕೊರೆತವನ್ನು ನೆಲದ ಮೇಲೆಯೇ ಹುಟ್ಟಿಸುವ ಗಾಳಿಯ ಸುರಂಗವೊಂದಕ್ಕೆ ಶೈತ್ಯದ ಏರ್ಪಾಟನ್ನು ಆಗ ಕ್ಯಾರಿಯರನು ಯೋಜಿಸಿದನು. ತನ್ನ ಬಾಳಿನ ದೊಡ್ಡ ಕೆಲಸವೆಂದು ಆತನೇ ಭಾವಿಸಿದ್ದುದು ಇದನ್ನು.

ಮನೆಯ ಬಾಳು ಅಷ್ಟು ಸುಗಮವಾಗಿರಲಿಲ್ಲ. ೧೯೧೨ರಲ್ಲಿ ಒಬ್ಬ ಪತ್ನಿಯನ್ನೂ ೧೯೩೯ರಲ್ಲಿ ಇನ್ನೊಬ್ಬಳನ್ನೂ ಆತನು ಕಳೆದುಕೊಂಡನು. ೧೯೪೧ರಲ್ಲಿ ಮೂರನೆಯ ವಿವಾಹವಾಯಿತು.

ಆತನ ವಿದ್ಯೆಯಿಂದ ಹುಟ್ಟಿದ ತೊಡಕುಗಳನ್ನೂ ಹೇಳದೆ ಬಿಡುವಂತಿಲ್ಲ. ೧೯೩೦ರ ಸುಮಾರಿಗೆ ಫ್ರಿಯಾನ್ ಎಂಬ ಹೊಸ ಅನಿಲವು ಡೈಲೀನಿನಂಥ ದ್ರವಗಳ ಸ್ಥಾನಕ್ಕೆ ಬಂದಿತು. ಅದಕ್ಕೆ ಬೆಂಕಿ ಹತ್ತದು, ವಿಷವೂ ಅಲ್ಲ. ಆದರೆ ಸೋರಿಹೋದದ್ದು ಮೇಲೇರಿ ಸೂರ್ಯನ ಕ್ರೂರ ಕಿರಣಗಳಿಂದ ನಮ್ಮನ್ನು ಕಾಯುವ ಓಝೋನ್ ಪದರವನ್ನು ಕೊರೆಯುವುದೆಂದು ೧೯೭೦ರ ದಶಕದಲ್ಲಿ ತಿಳಿಯಿತು. ೧೯೮೭ರ ಮಾಂಟ್ರಿಯಲ್ ಒಪ್ಪಂದದಿಂದ ಅದರ ಬಳಕೆಗೆ ತಡೆಬಿದ್ದಿತು. ಇನ್ನೊಂದು ತೊಡಕು ನಮ್ಮ ಗಲ್ಲಿಯಲ್ಲಿಯೇ ಇದೆ. ಯಂತ್ರವು ಕಾವನ್ನು ಕೊಲ್ಲುವುದಿಲ್ಲ, ಹೊರಗೆ ದೂಡುತ್ತದೆ. ಒಬ್ಬನ ಕೋಣೆಯ ಸೆಕೆಯು ಕಿಟಕಿಯಾಚೆ ಬಿದ್ದು, ಯಂತ್ರವಿಲ್ಲದ ನೆರೆಮನೆಯವನ ಪಾಲಾಗುತ್ತದೆ.

ಹೃದಯದ ಬೇನೆಯಿಂದ ೧೯೪೮ರಲ್ಲಿ ಕಂಪನಿಯ ಹೊಣೆಯನ್ನು ಬಿಟ್ಟ ಕ್ಯಾರಿಯರನು ೧೯೫೦ನೆಯ ಅಕ್ಟೋಬರ್ ೭ರಂದು ನ್ಯೂಯಾರ್ಕಿನಲ್ಲಿ, ತನ್ನ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ಆಗ ಹವಾನಿಯಂತ್ರಣವು ಅಮೇರಿಕದಲ್ಲಿಯೂ ಮಳಿಗೆ, ಕಚೇರಿ, ಚಿತ್ರಮಂದಿರಗಳ ವೈಭವವೇ ಆಗಿದ್ದಿತು. ೧೯೬೦ರ ಜನಗಣತಿಯಲ್ಲಿ ಅಲ್ಲಿಯ ನೂರು ಮನೆಗಳಲ್ಲಿ ಸುಮಾರು ಹನ್ನೆರಡರಲ್ಲಿ ಮಾತ್ರ ಅದು ಕಂಡುಬಂದಿತು. ೧೯೮೦ರ ಜನಗಣತಿಯ ವೇಳೆಗೆ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ. ಆತನ ಸಮಾಧಿಯು ಬಫಲೋ ನಗರದ ಫಾರೆಸ್ಟ್ ಲಾನ್ ಸ್ಮಶಾನದಲ್ಲಿದೆ.